ಅರ್ಧ ಇಂಚು ಸಡಿಲ

ಮಾರ್ಚ್ ೩, ಸೋಮವಾರ

ಹೊಸ ಮಾಸ್ಕ್ ಬಂತು. ಮೇಜಿನ ಮೇಲಿಟ್ಟುಕೊಂಡು ಅರ್ಧ ಗಂಟೆ ನೋಡಿದೆ. ಹಳೆಯದು ಮೂಗಿನ ಮೇಲೆ ಮಾತ್ರ ಕೂರುತ್ತಿತ್ತು. ಇದು ಮೂಗು, ಬಾಯಿ ಎರಡನ್ನೂ ನುಂಗುತ್ತದೆ. ಹಣೆಗೊಂದು ಆಸರೆ, ತಲೆಯ ಹಿಂದೆ ಹೋಗಿ ಸೇರುವ ನಾಲ್ಕು ಪಟ್ಟಿ, ಮುಂದುಗಡೆ ಗಾಳಿಯ ಕೊಳವೆ. ಹಾಕಿಕೊಂಡು ಕನ್ನಡಿ ನೋಡಿದರೆ ಎಲ್ಲೋ ಬೆಂಕಿ ಆರಿಸಲು ಹೊರಟವನ ಹಾಗಿದ್ದೇನೆ, ಮಲಗಲು ಹೊರಟವನ ಹಾಗಲ್ಲ.

ಕೊಟ್ಟವಳು ಆಸ್ಪತ್ರೆಯ ನಿದ್ದೆ ವಿಭಾಗದ ಟೆಕ್ನಿಷಿಯನ್ ಹುಡುಗಿ. "ದಿನಾ ಎಷ್ಟು ಹೊತ್ತು ಹಾಕ್ಕೊಂಡ್ರಿ, ಏನು ತೊಂದ್ರೆ ಆಯ್ತು ಅಂತ ಒಂದು ಪುಸ್ತಕದಲ್ಲಿ ಬರೀತಾ ಹೋಗಿ ಸರ್. ನನಗೆ ತೋರಿಸ್ಬೇಕಾಗಿಲ್ಲ, ನಿಮಗೇ ಗೊತ್ತಾಗುತ್ತೆ" ಅಂದಳು. ಅವಳ ಬಿಳಿ ಕೋಟಿನ ತೋಳು ಒಂದು ಇಂಚು ಉದ್ದ, ಬೆರಳಿನ ಗಂಟಿನ ತನಕ ಬರುತ್ತದೆ. ತನ್ನ ತೋಳಿನ ಅಳತೆ ಗೊತ್ತಿಲ್ಲದವಳು ನನ್ನ ಮುಖದ ಅಳತೆ ತೆಗೆದಳು. ಬರೆಯಲು ನನ್ನ ಹಳೆಯ ಅಳತೆ ಪುಸ್ತಕವನ್ನೇ ತೆಗೆದುಕೊಂಡಿದ್ದೇನೆ. ಮುಂದಿನ ಅರ್ಧದಲ್ಲಿ, ಮನೆಗೆ ಬಂದು ಹೊಲಿಸಿಕೊಂಡ ಯಾರು ಯಾರದೋ ಎದೆ, ಸೊಂಟ, ಭುಜ. ಹಿಂದಿನ ಅರ್ಧ ನನಗೆ.

ನನ್ನ ಕಾಯಿಲೆ ಇಷ್ಟೇ: ನಿದ್ದೆ ಹತ್ತಿದ ಮೇಲೆ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ. ಮೆಷಿನ್ನು ಕೊಳವೆಯಲ್ಲಿ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಮೂರು ವರ್ಷದಿಂದ ಹೀಗೇ ನಡೆದಿತ್ತು. ಆಮೇಲೆ ಹಳೆಯ ಮಾಸ್ಕಿನ ಮಾದರಿಯನ್ನು ತಯಾರಿಸುವುದನ್ನೇ ನಿಲ್ಲಿಸಿದರಂತೆ. ಪಟ್ಟಿ ಸಡಿಲವಾದಾಗ ನಾನೇ ಹೊಸ ಎಲಾಸ್ಟಿಕ್ ಕೂಡಿಸಿ ಹೊಲಿದೆ. ರಬ್ಬರಿನ ಅಂಚು ಹರಿದಾಗ ಅಂಟು ಹಾಕಿದೆ. ಎಂಟು ತಿಂಗಳು ಅದರಲ್ಲೇ ತಳ್ಳಿದೆ. ಬಟ್ಟೆಯ ಕೆಲಸ ಬಲ್ಲವನು ಒಂದು ಪಟ್ಟಿಗಾಗಿ ಆಸ್ಪತ್ರೆಗೆ ಅಲೆಯುವುದೇ?

ಹೋದ ತಿಂಗಳು ಕಾರ್ಖಾನೆಯಲ್ಲಿ ಒಂದು ಎಡವಟ್ಟಾಯಿತು. ಇಪ್ಪತ್ತಾರು ವರ್ಷದಿಂದ ಸಮವಸ್ತ್ರ ಹೊಲಿಯುವ ಈ ಕಾರ್ಖಾನೆಗೆ ನಾನೇ ಕಟಿಂಗ್ ಮಾಸ್ಟರ್. ಮಧ್ಯಾಹ್ನ ಕರೆಂಟ್ ಮೆಷಿನ್ನಿನಲ್ಲಿ ಕತ್ತರಿಸುವಾಗ ಒಂದು ಕ್ಷಣ ಕಣ್ಣು ಮಂಕಾಗಿ ಅಲಗು ಗೆರೆ ಬಿಟ್ಟು ಓಡಿತು. ಅರವತ್ತು ಪದರ ಬಟ್ಟೆ ಹಾಳು. ಬಟ್ಟೆ ತಾನೇ, ಏನು ಮಹಾ. ಆದರೆ ಮೇಲ್ವಿಚಾರಕ ನನ್ನನ್ನು ಕಟಿಂಗ್ ಮೇಜಿನಿಂದ ಇಳಿಸಿ ಗುಂಡಿ ನೋಡುವ ಮೇಜಿಗೆ ಕೂರಿಸಿದ್ದಾನೆ. ಮೂವತ್ತು ರಾತ್ರಿಗಳಲ್ಲಿ ಕಡೇಪಕ್ಷ ಇಪ್ಪತ್ತೊಂದು ರಾತ್ರಿ, ದಿನಕ್ಕೆ ನಾಲ್ಕು ಗಂಟೆ ಮಾಸ್ಕ್ ಹಾಕಿದ್ದೇನೆಂದು ಮೆಷಿನ್ನಿನ ವರದಿ ತಂದರೆ ಮೇಜು ವಾಪಸ್ಸು. ಇಲ್ಲದಿದ್ದರೆ ನಿವೃತ್ತಿಯಾಗುವ ತನಕ ಗುಂಡಿ.

ಇವತ್ತಿನಿಂದ ಶುರು.

ಮಾರ್ಚ್ ೪, ಮಂಗಳವಾರ

ಒಂದು ಗಂಟೆ ಹತ್ತು ನಿಮಿಷ. ಉಸಿರು ಬಿಡಲು ಹೋದರೆ ಆ ಕಡೆಯಿಂದ ಯಾರೋ ಬಾಗಿಲು ತಳ್ಳಿದ ಹಾಗಾಗುತ್ತದೆ. ಕಿತ್ತು ಎಸೆದೆ. ಹೆಂಡತಿ ಪಕ್ಕದ ಕೋಣೆಯಿಂದ "ಏನದು ಬಿದ್ದಿದ್ದು?" ಅಂದಳು. ಹೊಲಿಗೆ ಮೆಷಿನ್ ಇರುವ ಆ ಚಿಕ್ಕ ಕೋಣೆಯಲ್ಲಿ ಅವಳು ಚಾಪೆ ಹಾಕಿಕೊಂಡು ಐದಾರು ತಿಂಗಳಾಯಿತು. ನನ್ನ ಗೊರಕೆಯಂತೆ. ಏನೂ ಬಿದ್ದಿಲ್ಲ ಅಂದೆ.

ಮಾರ್ಚ್ ೬, ಗುರುವಾರ

ಮೂರು ರಾತ್ರಿ ಕಳೆಯಿತು, ಮೂರೂ ಹಾಳು. ಎರಡು ಗಂಟೆಯನ್ನೂ ದಾಟಿಲ್ಲ.

ಇಡೀ ದಿನ ಗುಂಡಿ ಎಳೆದು ನೋಡುವುದು. ಗಟ್ಟಿಯಾಗಿದೆಯೇ, ಕಾಜಾದೊಳಗೆ ಹೋಗುತ್ತದೆಯೇ, ಮುಂದಿನದು. ನನ್ನ ಬೆನ್ನ ಹಿಂದೆ ನನ್ನ ಮೇಜಿನಲ್ಲಿ ಬೇರೆ ಪಾಳಿಯ ಕಟ್ಟರ್ ಅಲಗು ಓಡಿಸುತ್ತಿರುತ್ತಾನೆ. ತಿರುವಿನಲ್ಲಿ ಮೆಷಿನ್ ಎಳೆಯುತ್ತಾನೆ, ಸದ್ದಿನಲ್ಲೇ ಗೊತ್ತಾಗುತ್ತದೆ. ತಳ್ಳಬೇಕು, ಎಳೆಯಬಾರದು. ಹೇಳಲು ನಾನ್ಯಾರು.

ಅವನಿಗೂ ಬಟ್ಟೆ ಹಿಡಿಯುವವಳು ಅಂಚಿನಕ್ಕನೇ. ಪದರಗಳು ಜಾರದ ಹಾಗೆ ಮೇಜಿನ ಆ ತುದಿಯಲ್ಲಿ ನಿಂತು ಬಟ್ಟೆಯ ಅಂಚನ್ನು ಅಂಗೈಯಿಂದ ಒತ್ತಿ ಹಿಡಿಯುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಆ ಹೆಸರು. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದವರು. ಈಗ ನಾನು ಬಂದರೆ ಡಬ್ಬಿ ಎತ್ತಿಕೊಂಡು ಆ ಕಡೆ ಹೋಗುತ್ತಾಳೆ. ನನ್ನ ನಿದ್ದೆಯ ವಿಷಯ ಮೇಲ್ವಿಚಾರಕನ ಕಿವಿಗೆ ಹಾಕಿದವಳು ಅವಳೇ ಇರಬೇಕು. ಇನ್ನ್ಯಾರಿಗೆ ಗೊತ್ತಿತ್ತು? ಕೆಲಸ ಕಲಿಸಿದವನಿಗೆ ಇದು ಬಹುಮಾನ.

ಮಾರ್ಚ್ ೮, ಶನಿವಾರ

ತಪ್ಪು ಎಲ್ಲಿದೆಯೆಂದು ಸಿಕ್ಕಿತು. ಪಟ್ಟಿ ಸಡಿಲ. ಆಸ್ಪತ್ರೆಯವರು ಊರಿಗೆಲ್ಲ ಒಂದೇ ಅಳತೆ ಕೊಡುತ್ತಾರೆ. ಗಾಳಿ ಕೆನ್ನೆಯ ಪಕ್ಕದಲ್ಲಿ ಬುಸ್ ಎನ್ನುತ್ತಿರುವುದು ಅದಕ್ಕೇ.

ಮಧ್ಯಾಹ್ನ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಮಾಸ್ಕ್ ಹಾಕಿಕೊಂಡು ಗುಂಡುಸೂಜಿ ಚುಚ್ಚಿ ಗುರುತು ಮಾಡಿದೆ. ಕೆಳಗಿನ ಎರಡು ಪಟ್ಟಿ ಅರ್ಧರ್ಧ ಇಂಚು ಒಳಕ್ಕೆ. ಹೊಲಿಗೆ ಮೆಷಿನ್ನಿನಲ್ಲಿ ಎರಡು ಸಾಲು ಹೊಡೆದೆ. ಇಷ್ಟು ಸಣ್ಣ ಹೊಲಿಗೆ ಈಗ ಯಾರೂ ಹಾಕುವುದಿಲ್ಲ. ಹಾಕಿ ನೋಡಿದೆ, ಚರ್ಮದ ಹಾಗೆ ಕೂತಿತು.

"ಅದನ್ನೂ ಕುಲಗೆಡಿಸಿದ್ರಾ?" ಅಂದಳು ಹೆಂಡತಿ.

"ಸರಿಮಾಡಿದೆ" ಅಂದೆ.

"ಹಳೇದನ್ನೂ ಹೀಗೇ ಸರಿಮಾಡಿದ್ರಿ" ಅಂದಳು. ಇವಳ ಬಾಯಿಗೆ ಯಾವ ಅಳತೆಯ ಪಟ್ಟಿಯೂ ಸಾಲದು.

ಮಾರ್ಚ್ ೯, ಭಾನುವಾರ

ಎರಡು ಗಂಟೆ ಐದು ನಿಮಿಷ. ಕಣ್ಣಿನೊಳಕ್ಕೆ ಗಾಳಿ. ಎರಡೂ ಕೆನ್ನೆಯ ಮೇಲೆ ಗಾಡಿಯ ಚಕ್ರ ಹರಿದ ಹಾಗೆ ಗೆರೆ. ಮೂಗಿನ ಮೇಲೆ ಚರ್ಮ ಸುಲಿದಿದೆ.

ಆರು ರಾತ್ರಿ ಹೋಯಿತು. ಒಂಬತ್ತರ ತನಕ ತಪ್ಪಲು ರಜೆ ಇದೆ. ಇನ್ನು ಮೂರು.

ಮಾರ್ಚ್ ೧೧, ಮಂಗಳವಾರ

ನಾಲ್ಕು ಗಂಟೆ ಹದಿನೈದು ನಿಮಿಷ. ಹೇಗೆಂದು ಬರೆದುಕೊಳ್ಳುತ್ತೇನೆ.

ಮೊನ್ನೆಯ ರಾತ್ರಿಯೂ ಕೈಕೊಟ್ಟಿತು, ಒಟ್ಟು ಏಳು. ನಿನ್ನೆ ಕಾರ್ಖಾನೆಯಿಂದ ಟೆಕ್ನಿಷಿಯನ್ ಹುಡುಗಿಗೆ ಫೋನ್ ಮಾಡಿದೆ. ಹೊಲಿಗೆಯ ವಿಷಯ ಎತ್ತಲಿಲ್ಲ. ಅಭ್ಯಾಸ ಆಗುತ್ತಿಲ್ಲ ಅಂದೆ. "ಎಚ್ಚರ ಇದ್ದಾಗ ಸ್ವಲ್ಪ ಹೊತ್ತು ಹಾಕ್ಕೊಂಡು ಕೂತ್ಕೊಳಿ ಸರ್. ಟೀವಿ ನೋಡ್ತಾ, ಪೇಪರ್ ಓದ್ತಾ. ಮುಖಕ್ಕೆ ರೂಢಿ ಆಗ್ಲಿ" ಅಂದಳು. ಸಂಜೆ ಟೀವಿ ಮುಂದೆ ಎರಡು ಗಂಟೆ ಹಾಕಿಕೊಂಡು ಕೂತೆ. ರಾತ್ರಿ ಎರಡೂಕಾಲು ಗಂಟೆ ಆಯಿತು. ಬೆಳಿಗ್ಗೆ ಮೆಷಿನ್ನಿನ ಪುಟ್ಟ ಪರದೆ ಎರಡನ್ನೂ ಕೂಡಿಸಿ ತೋರಿಸುತ್ತಿದೆ. ನಾನು ಎದ್ದಿದ್ದೆನೋ ಮಲಗಿದ್ದೆನೋ ಅದಕ್ಕೆ ಗೊತ್ತಿಲ್ಲ. ಉಸಿರು ಬರುತ್ತಿದೆ, ಗಂಟೆ ಓಡುತ್ತಿದೆ, ಅಷ್ಟೇ.

ಹೇಳಿಕೊಟ್ಟವಳು ಅವಳು. ನಾನೇನೂ ಮೋಸ ಮಾಡಿಲ್ಲ.

ಮಾರ್ಚ್ ೧೩, ಗುರುವಾರ

ವ್ಯವಸ್ಥೆ ಚೆನ್ನಾಗಿ ಕುದುರಿದೆ. ಸಂಜೆ ಆರೂವರೆಗೆ ಮನೆ. ಕೈಕಾಲು ತೊಳೆದು, ಊಟ ಮುಗಿಸಿ, ಮೆಷಿನ್ನನ್ನು ಟೀವಿಯ ಪಕ್ಕಕ್ಕೆ ತಂದು ಮಾಸ್ಕ್ ಹಾಕಿ ಕೂತರೆ ಹತ್ತಕ್ಕೆ ಮೂರು ಗಂಟೆ ಜಮೆ. ಉಳಿದ ಒಂದು ಗಂಟೆ ಹಾಸಿಗೆಯಲ್ಲಿ ಹಲ್ಲು ಕಚ್ಚಿ ಕಳೆಯುವುದು. ಆಮೇಲೆ ಬಿಚ್ಚಿಟ್ಟು ಆರಾಮಾಗಿ ಮಲಗುವುದು.

ಹೆಂಡತಿ ಇವತ್ತು ಟೀವಿಗೆ ಅಡ್ಡ ನಿಂತಳು. "ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ ಅಂತ ತಾನೇ ಅದನ್ನ ಕೊಟ್ಟಿದ್ದು? ಟೀವಿ ನೋಡೋವಾಗ ನಿಮ್ಮ ಉಸಿರು ಯಾವತ್ತು ನಿಂತಿತ್ತು?"

ಮಾಸ್ಕಿನೊಳಗಿಂದ ಏನೋ ಅಂದೆ. ನನಗೇ ಕೇಳಿಸಲಿಲ್ಲ.

"ಯಾರಿಗೆ ಟೋಪಿ ಹಾಕ್ತಾ ಇದೀರಿ?" ಅಂದಳು. ಟೀವಿ ಆರಿಸಿ ಚಿಕ್ಕ ಕೋಣೆಗೆ ಹೋದಳು. ಟೀವಿ ಇಲ್ಲದೆಯೂ ಒಂಬತ್ತೂಮುಕ್ಕಾಲರ ತನಕ ಕೂತಿದ್ದೆ, ಆರಿದ ಪರದೆ ನೋಡುತ್ತ.

ಮಾರ್ಚ್ ೧೭, ಸೋಮವಾರ

ನಿನ್ನೆ ರಾತ್ರಿ ಒಂದು ತಪ್ಪಿತು, ಎಂಟು ಆಯಿತು. ಅದಲ್ಲ ವಿಷಯ.

ಇವತ್ತು ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಕೊನೆಯ ನಿಲ್ದಾಣದ ತನಕ ಹೋದೆ. ನಿಂತೇ ಇದ್ದೆ, ಮೇಲಿನ ಕಂಬಿ ಹಿಡಿದುಕೊಂಡು. ನಿಂತಲ್ಲೇ ನಿದ್ದೆ ಹೋಗಿದ್ದೇನೆ. ಕಂಡಕ್ಟರ್ ಹೆಗಲು ತಟ್ಟಿ, "ಯಜಮಾನ್ರೇ, ಗಾಡಿ ಇಲ್ಲೇ ನಿಲ್ಲುತ್ತೆ, ನೀವು ಇಳೀಬೇಕು" ಅಂದ. ಕಣ್ಣು ಬಿಟ್ಟಾಗ ನನ್ನ ಕೈ ಕಂಬಿಯ ಮೇಲೆ ಬಿಗಿಯಾಗಿತ್ತು. ಕೈ ಎಚ್ಚರವಾಗಿತ್ತು, ನಾನಿರಲಿಲ್ಲ. ಇಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಬರೆಯಬೇಕಾದ್ದನ್ನು ಬರೆದೇ ಬಿಡುತ್ತೇನೆ. ಈ ಪುಸ್ತಕ ಯಾರೂ ನೋಡುವುದಿಲ್ಲ.

ಅವತ್ತು ಹಾಳಾದದ್ದು ಬಟ್ಟೆ ಮಾತ್ರ, ನಿಜ. ಆದರೆ ನನ್ನ ಕಣ್ಣು ಮಂಕಾದದ್ದು ಒಂದು ಕ್ಷಣವಲ್ಲ. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೈ ಮೆಷಿನ್ನನ್ನು ತಳ್ಳುತ್ತಲೇ ಇತ್ತು. "ಮಾಸ್ಟ್ರೇ" ಅಂತ ಒಂದು ದನಿ ಕೇಳಿತು. ಕೂಗಿದ್ದಲ್ಲ. ಯಾರನ್ನೋ ಮೆಲ್ಲಗೆ ಎಬ್ಬಿಸುವ ಹಾಗೆ. ಕಣ್ಣು ಬಿಟ್ಟು ಸ್ವಿಚ್ ಬಿಟ್ಟೆ. ಅಲಗಿನ ಮುಂದೆ ಅಂಚಿನಕ್ಕನ ಕೈ ಇತ್ತು. ಕಿರುಬೆರಳಿಗೂ ಅಲಗಿಗೂ ನಡುವೆ ಅರ್ಧ ಇಂಚು. ನಾನು ಕಣ್ಣಳತೆಯಲ್ಲಿ ಯಾವತ್ತೂ ತಪ್ಪಿದವನಲ್ಲ. ಅರ್ಧ ಇಂಚೇ.

ಅವಳು ಕೈ ತೆಗೆದಿರಲಿಲ್ಲ. ಅಲಗು ತನ್ನ ಕಡೆಗೆ ಬರುತ್ತಿದ್ದರೂ ಅಂಚನ್ನು ಒತ್ತಿ ಹಿಡಿದೇ ಇದ್ದಳು. ಯಾಕೆಂದರೆ ಅಲಗು ಓಡುತ್ತಿರುವಾಗ ಏನೇ ಆದರೂ ಕೈ ಬಿಡಬಾರದು, ಬಿಟ್ಟರೆ ಅರವತ್ತು ಪದರವೂ ಜಾರಿಹೋಗುತ್ತದೆ ಎಂದು ಒಂಬತ್ತು ವರ್ಷದ ಹಿಂದೆ ಅವಳಿಗೆ ಕಲಿಸಿದವನು ನಾನು. ಒಂದು ಸಲ ಬಿಟ್ಟಿದ್ದಕ್ಕೆ ಎಲ್ಲರೆದುರು ಬೈದವನೂ ನಾನೇ. ನನ್ನ ಎಡಗೈಗಾದರೂ ಉಕ್ಕಿನ ಬಲೆಯ ಗವಸು ಇತ್ತು. ಅವಳ ಕೈ ಬರಿಗೈ.

ಆಮೇಲೆ ನಾನು ಬಗ್ಗಿ ನೋಡಿದ್ದು ಬಟ್ಟೆಯನ್ನು. ಮೊದಲು ಬಟ್ಟೆಯನ್ನು. ನನಗೆ ನಾಚಿಕೆಯಾಗುತ್ತಿದೆ.

ಮಾರ್ಚ್ ೧೯, ಬುಧವಾರ

ರಜೆ ಹಾಕಿ ಆಸ್ಪತ್ರೆಗೆ ಹೋದೆ. ಹೆಂಡತಿಯೂ ಬರುತ್ತೇನೆಂದಳು. ಬೇಡ ಅನ್ನುವಷ್ಟು ತ್ರಾಣ ಇರಲಿಲ್ಲ.

ಟೆಕ್ನಿಷಿಯನ್ ಹುಡುಗಿ ಮಾಸ್ಕ್ ಕೈಗೆ ತೆಗೆದುಕೊಂಡವಳು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದನ್ನ ಯಾರು ಹೊಲಿದ್ರು?"

ಹೆಂಡತಿ ನನ್ನ ಮುಖ ನೋಡಿದಳು.

"ಹೊಲಿಗೆ ತುಂಬಾ ಚೆನ್ನಾಗಿದೆ ಸರ್" ಅಂದಳು ಹುಡುಗಿ. "ಯಾವಾಗ ಅಳತೆ ನೋಡಿದ್ರಿ?"

"ಕನ್ನಡಿ ಮುಂದೆ."

"ನಿಂತ್ಕೊಂಡು?"

"ಮತ್ತೆ ಹೇಗೆ? ಯಾರಾದ್ರೂ ನಿಂತ್ಕೊಂಡೇ ಅಳತೆ ಕೊಡೋದು."

"ಗಾಳಿ ಬಿಟ್ಕೊಂಡಾ, ಹಾಗೇನಾ?"

"ಹಾಗೇ."

ಅವಳು ನಗಲಿಲ್ಲ. ಮಂಚ ತೋರಿಸಿ ಮಲಗಿ ಅಂದಳು. ಹೆಂಡತಿಯ ಎದುರು, ಚಪ್ಪಲಿ ಬಿಟ್ಟು, ಮಗುವಿನ ಹಾಗೆ ಮಲಗಿದೆ. ಹುಡುಗಿ ನನ್ನ ಹೊಲಿಗೆಯನ್ನು ಸಣ್ಣ ಕತ್ತರಿಯಿಂದ ಬಿಚ್ಚಿದಳು. ಎರಡು ಸಾಲೂ. ನೋಡುತ್ತಾ ಇದ್ದೆ, ಹೊಟ್ಟೆ ಉರಿಯಿತು. ಆಮೇಲೆ ಮಾಸ್ಕ್ ಮುಖದ ಮೇಲೆ ಇಟ್ಟು, ಗಾಳಿ ಬಿಟ್ಟು, ಪಟ್ಟಿ ಒಂದೊಂದಾಗಿ ಸಡಿಲ ಮಾಡುತ್ತಾ ಬಂದಳು. ಬಿಗಿ ಮಾಡಲಿಲ್ಲ, ಸಡಿಲವನ್ನೇ ಮಾಡಿದಳು. "ಮಲಗಿದಾಗ ಕೆನ್ನೆ ಹಿಂದಕ್ಕೆ ಹೋಗುತ್ತೆ ಸರ್, ಮುಖದ ಆಕಾರವೇ ಬೇರೆ. ಗಾಳಿ ತುಂಬಿದ ಮೇಲೆ ಈ ರಬ್ಬರ್ ಸ್ವಲ್ಪ ಉಬ್ಬಿ ತಾನೇ ಕೂರುತ್ತೆ. ಉಬ್ಬೋಕೆ ಜಾಗ ಬೇಕು. ಬಿಗಿದ್ರೆ ಮಡಚಿಕೊಂಡು ಅಲ್ಲೇ ಸೋರುತ್ತೆ."

ಮಲಗಿದಲ್ಲೇ ನನಗೆ ನಗು ಬಂತು, ಮಾಸ್ಕಿನೊಳಗೆ ಗೊರ್ರೆಂದಿತು. ಕೋಟಿನ ಅಳತೆ ಕೊಡಲು ಬಂದವರು ಹೊಟ್ಟೆ ಎಳೆದುಕೊಂಡು ನಿಂತರೆ, "ಉಸಿರು ಬಿಡಿ ಸ್ವಾಮಿ, ಬಟ್ಟೆ ಹಾಕ್ಕೊಂಡು ಕೂರ್ಬೇಕು, ಉಣ್ಣಬೇಕು" ಎಂದು ಇಪ್ಪತ್ತಾರು ವರ್ಷದಿಂದ ಹೇಳುತ್ತಾ ಬಂದವನು ನಾನು. ಎದೆಗೆ ಎರಡು ಇಂಚು ಸಡಿಲ ಬಿಡದೆ ಯಾರಿಗೂ ಕತ್ತರಿಸಿಲ್ಲ. ನನ್ನ ಮುಖಕ್ಕೆ ಬಂದಾಗ ಎಲ್ಲ ಮರೆತೆ.

ಹೊರಗೆ ಬರುವಾಗ ಹೆಂಡತಿ ಹೇಳಿದಳು: "ಹಳೇ ಮಾಸ್ಕ್ ಹಾಕ್ಕೊಂಡಾಗ್ಲೂ ನಿಮ್ಮ ಉಸಿರು ನಿಲ್ತಾ ಇತ್ತು. ಪಕ್ಕದಲ್ಲಿ ಮಲಗಿ ಎಣಿಸ್ತಾ ಇದ್ದೆ. ಒಂದು, ಎರಡು, ಮೂರು... ಒಂದಿನ ನಲವತ್ತರ ತನಕ ಹೋಯ್ತು. ಆಮೇಲೆ ಎಣಿಸೋಕೆ ಆಗ್ಲಿಲ್ಲ, ಎದ್ದು ಆಚೆ ಕೋಣೆಗೆ ಹೋದೆ." ಗೊರಕೆಗೆ ಬೇಸತ್ತು ಹೋದಳೆಂದು ನಾನು ತಿಳಿದಿದ್ದೆ. ಗೊರಕೆ ಕೇಳುತ್ತಿದ್ದರೆ ಅವಳಿಗೆ ಧೈರ್ಯವಂತೆ.

ಬಸ್ಸಿನಲ್ಲೇ ವಾಪಸ್ಸು ಬಂದೆವು. ನಮ್ಮ ನಿಲ್ದಾಣದಲ್ಲೇ ಇಳಿದೆವು.

ಮಾರ್ಚ್ ೨೦, ಗುರುವಾರ

ಐದು ಗಂಟೆ ನಲವತ್ತು. ಟೀವಿ ಇಲ್ಲದೆ.

ಮಾರ್ಚ್ ೨೪, ಸೋಮವಾರ

ಆರು, ಐದೂವರೆ, ಆರು ಹತ್ತು. ನಿನ್ನೆ ಮಾತ್ರ ಮೂಗು ಕಟ್ಟಿ ಮೂರು ಗಂಟೆಗೇ ತೆಗೆಯಬೇಕಾಯಿತು. ಒಂಬತ್ತೂ ಮುಗಿಯಿತು. ಇನ್ನು ಒಂದೂ ತಪ್ಪುವ ಹಾಗಿಲ್ಲ.

ಹೊದಿಕೆ ಇಬ್ಬರಿಗೆ ಸಾಲುತ್ತಿಲ್ಲ. ದೊಡ್ಡದು ಹೊಲಿಯಬೇಕು. ಕನಸೊಂದು ಬಿತ್ತು, ವರ್ಷಗಳ ಮೇಲೆ. ಏನೂ ವಿಶೇಷವಲ್ಲ, ಯಾವುದೋ ಮೆಟ್ಟಿಲು ಹತ್ತುತ್ತಿದ್ದೆ, ಏದುಸಿರು ಬರಲಿಲ್ಲ.

ಮಾರ್ಚ್ ೨೯, ಶನಿವಾರ

ಎಲ್ಲ ರಾತ್ರಿಯೂ ಐದರ ಮೇಲೆ. ಇವಳು ಗೊರಕೆ ಹೊಡೆಯುತ್ತಾಳೆಂದು ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಗೊತ್ತಾಯಿತು. ಹೇಳಿದರೆ ನಂಬುವುದಿಲ್ಲ. "ನಿಮ್ಮ ಮೆಷಿನ್ ಸದ್ದು ಅದು" ಅನ್ನುತ್ತಾಳೆ.

ಗುಂಡಿಯ ಮೇಜಿನಲ್ಲಿ ಇವತ್ತು ಮೂವತ್ತೊಂದು ಅಂಗಿ ವಾಪಸ್ಸು ಕಳಿಸಿದೆ, ಎಲ್ಲದರಲ್ಲೂ ಮೂರನೆಯ ಕಾಜಾ ಒಂದು ನೂಲು ಕೆಳಗೆ. ಮೊದಲ ವಾರ ನಾನು ಏನನ್ನು ನೋಡಿ ಕಳಿಸಿದೆನೋ, ಯಾರು ಹಾಕಿಕೊಂಡು ಒದ್ದಾಡುತ್ತಿದ್ದಾರೋ. ಅಂಚಿನಕ್ಕ ಇವತ್ತೂ ಗೋಡೆಯ ಕಡೆ ಮುಖ ಮಾಡಿ ಉಂಡಳು. ಎಡಗೈಯಿಂದ ಬಲಗೈಯ ಕಿರುಬೆರಳನ್ನು ಉಜ್ಜುತ್ತಾ ಕೂರುತ್ತಾಳೆ. ಅವಳಿಗೆ ಅದು ಗೊತ್ತೂ ಇಲ್ಲವೆಂದು ಕಾಣುತ್ತದೆ.

ಏಪ್ರಿಲ್ ೨, ಬುಧವಾರ

ವರದಿ ಬಂತು. ಮೂವತ್ತರಲ್ಲಿ ಇಪ್ಪತ್ತೊಂದು. ಕೂದಲೆಳೆಯಲ್ಲಿ ಪಾಸು. ಹುಡುಗಿ ಮುದ್ರೆ ಒತ್ತಿ ಕೊಟ್ಟಳು, ಮೇಲ್ವಿಚಾರಕ ಓದಿ ಕೈಕುಲುಕಿದ. ಅವನ ಕಾಲರಿನೊಳಗೆ ನಾಲ್ಕು ಬೆರಳು ಹೋಗುತ್ತವೆ, ಎಷ್ಟು ಸಲ ಹೇಳಿದರೂ ಅದೇ ಅಳತೆ. "ಸೋಮವಾರದಿಂದ ನಿಮ್ಮ ಮೇಜು ನಿಮ್ದು ಮಾಸ್ಟ್ರೇ. ಅಕ್ಕನಿಗೂ ಹೇಳಿದೀನಿ."

"ಏನಂದ್ರು?"

"ತಲೆ ಆಡಿಸಿದ್ರು."

ಇದನ್ನೇ ತಾನೇ ಬೇಡುತ್ತಿದ್ದದ್ದು. ಮನೆಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟೆ, ಎತ್ತಿ ಕಪಾಟಿನಲ್ಲಿಟ್ಟೆ, ಮತ್ತೆ ಹೊರಗೆ ತೆಗೆದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇಪ್ಪತ್ತೊಂದರಲ್ಲಿ ಎಂಟು ಟೀವಿ ಮುಂದೆ ಕೂತು ಕದ್ದದ್ದು. ಮುದ್ರೆ ಒತ್ತಿದವಳಿಗೆ ಗೊತ್ತಿಲ್ಲ, ಕೈಕುಲುಕಿದವನಿಗೆ ಗೊತ್ತಿಲ್ಲ. ತಲೆ ಆಡಿಸಿದವಳಿಗೂ ಗೊತ್ತಿಲ್ಲ, ಅವಳು ಮಾತ್ರ ಸೋಮವಾರ ಬರಿಗೈ ತಂದು ಅಲಗಿನ ಎದುರು ಇಡಬೇಕು.

ಈಗ ಚೆನ್ನಾಗಿ ನಿದ್ದೆ ಬರುತ್ತಿದೆಯಲ್ಲ, ಇನ್ನೇನು, ಎಂದು ಒಂದು ಮನಸ್ಸು. ಹದಿಮೂರು ರಾತ್ರಿ ಚೆನ್ನಾಗಿ ಬಂತು. ಹಳೆಯ ಮಾಸ್ಕ್ ಹರಿಯುವ ಮುಂಚೆ ಎರಡು ವರ್ಷ ಚೆನ್ನಾಗಿ ಬಂದಿತ್ತು.

ಏಪ್ರಿಲ್ ೩, ಗುರುವಾರ

ಊಟದ ಹೊತ್ತಿನಲ್ಲಿ ಡಬ್ಬಿ ತೆಗೆದುಕೊಂಡು ಅಂಚಿನಕ್ಕನ ಎದುರಿಗೇ ಹೋಗಿ ಕೂತೆ. ಅವಳು ಎದ್ದು ಹೋಗುವವಳಿದ್ದಳು. "ಎರಡು ಮಾತು, ಆಮೇಲೆ ಹೋಗಿ" ಅಂದೆ. ಕಾಗದ ಬಿಚ್ಚಿ ಇಟ್ಟೆ. "ಇದ್ರಲ್ಲಿ ಎಂಟು ದಿನ ಸುಳ್ಳು. ಎಚ್ಚರವಾಗಿ ಕೂತು ತುಂಬಿಸಿದ್ದು."

ಅವಳು ಓದಲಿಲ್ಲ. ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಳು.

"ನೀವು ಮೇಲ್ವಿಚಾರಕರಿಗೆ ಹೇಳಿದ್ರಿ ಅಂತ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಿದ್ದೆ" ಅಂದೆ.

"ನಾನು ಯಾರಿಗೂ ಹೇಳಿಲ್ಲ ಮಾಸ್ಟ್ರೇ. ಬಟ್ಟೆ ಜಾರ್ತು ಅಂದೆ. ಮನೇಲೂ ಹೇಳಿಲ್ಲ. ಹೇಳಿದ್ರೆ ಕೆಲಸಕ್ಕೆ ಕಳಿಸ್ತಿರ್ಲಿಲ್ಲ."

"ಮತ್ತೆ ಯಾಕೆ ಎದ್ದು ಹೋಗ್ತೀರಿ?"

"ನಿಮ್ಮನ್ನ ನೋಡಿದ್ರೆ ಕೈ ನಡುಗುತ್ತೆ. ಕಾಣಿಸ್ಬಾರ್ದು ಅಂತ." ಡಬ್ಬಿಯ ಮುಚ್ಚಳ ಮುಚ್ಚಿ ಅಂದಳು: "ಅವತ್ತು ಕೈ ತೆಗೀಬೇಕು ಅಂತ ಅನ್ನಿಸ್ತು. ಕೈ ಬರ್ಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ರಿ ನೀವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ತಲೆ ತಗ್ಗಿಸಿ, "ನನ್ನಿಂದ ತಪ್ಪಾಯ್ತು ಅಕ್ಕ" ಅಂದೆ. ಈ ಎರಡು ತಿಂಗಳಲ್ಲಿ ಹೇಳಬೇಕಾಗಿದ್ದದ್ದು ಇಷ್ಟೇ ಆಗಿತ್ತು.

ಅಲ್ಲಿಂದ ನೇರ ಮೇಲ್ವಿಚಾರಕನ ಹತ್ತಿರ ಹೋಗಿ ಕಾಗದ ಅವನ ಮುಂದಿಟ್ಟೆ. ಎಂಟು ದಿನದ ಕಥೆ ಹೇಳಿದೆ, ಅಂಚಿನಕ್ಕನ ಬೆರಳಿನ ಅರ್ಧ ಇಂಚಿನ ಕಥೆಯನ್ನೂ ಹೇಳಿದೆ. ಇನ್ನೂ ಮೂವತ್ತು ರಾತ್ರಿ ಕೊಡಿ, ಈ ಸಲ ಮೂವತ್ತಕ್ಕೆ ಮೂವತ್ತೂ ತರುತ್ತೇನೆ, ಒಂದು ತಪ್ಪಿದರೂ ಗುಂಡಿಯೇ ಗತಿ ಅಂದೆ. ಅವನು ಕಾಗದ ಮಡಚಿ ಡ್ರಾಯರಿನಲ್ಲಿಟ್ಟು, ಆಗಲಿ ಅಂದ. "ಬೇರೆಯವರು ಪಾಸಾಗೋಕೆ ಸುಳ್ಳು ಹೇಳ್ತಾರೆ. ನೀವು ಪಾಸಾದ ಮೇಲೆ ನಿಜ ಹೇಳೋಕೆ ಬಂದಿದೀರಿ."

"ನನ್ನ ನಿದ್ದೆ ವಿಷಯ ನಿಮಗೆ ಯಾರು ಹೇಳಿದ್ದು?" ಅಂದೆ.

"ಹೇಳೋಕೆ ಯಾರು ಬೇಕು ಮಾಸ್ಟ್ರೇ? ಟೀ ಹೊತ್ತಲ್ಲಿ ಲೋಟ ಹಿಡ್ಕೊಂಡೇ ಗೊರಕೆ ಹೊಡೀತಿದ್ರಿ. ಇಡೀ ವಿಭಾಗ ಕೇಳಿಸ್ಕೊಂಡಿದೆ."

ಏಪ್ರಿಲ್ ೧೪, ಸೋಮವಾರ

ಹನ್ನೊಂದಕ್ಕೆ ಹನ್ನೊಂದು. ನಿನ್ನೆ ಮೂಗು ಕಟ್ಟಿತ್ತು. ಹೆಂಡತಿ ಬಿಸಿನೀರಿನ ಹಬೆ ಹಿಡಿಸಿ, ಪಟ್ಟಿ ತಾನೇ ಹಾಕಿ, "ಬಿಗಿಯಾಯ್ತಾ?" ಎಂದು ಕೇಳಿ ಸಡಿಲ ಮಾಡಿದಳು. ಅವಳ ಕೈ ಅಳತೆ ಸರಿಯಾಗಿದೆ. ನಾಲ್ಕು ಗಂಟೆ ಐವತ್ತು. ದೊಡ್ಡ ಹೊದಿಕೆ ಹೊಲಿದು ಮುಗಿಯಿತು.

ಮೇ ೩, ಶನಿವಾರ

ಮೂವತ್ತು. ಆಸ್ಪತ್ರೆಗೆ ಹೋಗುವಾಗ ಸೂಜಿದಾರ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ವರದಿ ಸಿದ್ಧವಾಗಿ ಮುದ್ರೆ ಬೀಳುವಷ್ಟರಲ್ಲಿ ಹುಡುಗಿಯ ಕೋಟು ಕೇಳಿ ತೆಗೆದುಕೊಂಡು ಎರಡೂ ತೋಳನ್ನು ಒಂದೊಂದು ಇಂಚು ಮಡಚಿ ಹೊಲಿದುಕೊಟ್ಟೆ. ಹಾಕಿಕೊಂಡು ಕೈ ಚಾಚಿ ನೋಡಿದಳು. "ಬಿಗಿ ಮಾಡಿಲ್ಲ ತಾನೇ ಸರ್?" ಅಂದಳು.

ಮೇ ೫, ಸೋಮವಾರ

ರಾತ್ರಿ ಆರು ಗಂಟೆ ಇಪ್ಪತ್ತು. ಇವತ್ತಿನಿಂದ ಮೇಜು ವಾಪಸ್ಸೆಂದು ಗೊತ್ತಿದ್ದೂ ನಿದ್ದೆ ಬಂತು.

ಎಂಟಕ್ಕೆ ಮೇಜಿನ ಮುಂದೆ ನಿಂತೆ. ಅಂಚಿನಕ್ಕ ಪದರ ಹಾಸಿ ಮುಗಿಸಿದ್ದಳು. ಅವಳ ಬಲಗೈಗೆ ಉಕ್ಕಿನ ಬಲೆಯ ಗವಸು ಇತ್ತು. ಮೇಲ್ವಿಚಾರಕ ತರಿಸಿಕೊಟ್ಟಿದ್ದಾನೆ. ಅದೂ ಒಂದು ಅಳತೆ ದೊಡ್ಡದು.

"ಒಂದು ಹೊಸ ನಿಯಮ" ಅಂದೆ. "ಹೆದರಿಕೆ ಅನ್ನಿಸಿದ್ರೆ ಕೈ ತೆಗೀರಿ. ಯಾವಾಗ ಬೇಕಾದ್ರೂ. ಬಟ್ಟೆ ಹಾಳಾಗ್ಲಿ."

ಅವಳು ಗವಸನ್ನು ಮಣಿಕಟ್ಟಿನ ಕಡೆಗೆ ಎಳೆದುಕೊಂಡಳು.

ಕತ್ತರಿಸುವ ಮೊದಲು ಮೇಲಿನ ಪದರದ ಮೂಲೆಯಲ್ಲಿ ಸೀಮೆಸುಣ್ಣದಿಂದ ಪದರಗಳ ಸಂಖ್ಯೆ ಬರೆಯುವುದು ನಮ್ಮ ಪದ್ಧತಿ. ಎಂಬತ್ತು ಎಂದು ಬರೆದೆ. ಆಮೇಲೆ ಆ ತುದಿಗೆ ಹೋಗಿ ಅವಳ ಕೈಯ ಪಕ್ಕದಲ್ಲಿ ಆರು ಗಂಟೆ ಇಪ್ಪತ್ತು ಎಂದು ಬರೆದೆ. ಅವಳು ಅದನ್ನು ಓದಿದಳು. ಅಂಗೈಯಿಂದ ಉಜ್ಜಿ ಅಳಿಸಿ, ಅದೇ ಅಂಗೈಯನ್ನು ಅಂಚಿನ ಮೇಲೆ ಒತ್ತಿದಳು.

ಸ್ವಿಚ್ ಒತ್ತಿದೆ. ಅಲಗು ಗೆರೆಯ ಮೇಲೆ ಹೊರಟಿತು. ಮೊದಲ ಬೆನ್ನಿನ ತುಂಡು ಮುಗಿಸಿ ಭುಜದ ತಿರುವಿಗೆ ಬರುವಾಗ, ಅಲಗು ಇನ್ನೂ ಮಾರು ದೂರ ಇರುವಾಗಲೇ, ಅವಳು ಕೈ ಮೇಲೆತ್ತಿದಳು. ಅವಳ ಕೈ ಗಾಳಿಯಲ್ಲಿರುವಷ್ಟರಲ್ಲಿ ನನ್ನ ಬೆರಳು ಸ್ವಿಚ್ ಬಿಟ್ಟಿತ್ತು. ಅಲಗು ನಿಂತಿತು. ಗೆರೆಯ ಮೇಲೇ ನಿಂತಿತ್ತು.

"ಏನಾಯ್ತು ಅಕ್ಕ?"

"ಏನಿಲ್ಲ ಮಾಸ್ಟ್ರೇ" ಅಂದಳು. "ನೋಡ್ದೆ, ಅಷ್ಟೇ."

ಕೈ ಮತ್ತೆ ಅಂಚಿನ ಮೇಲೆ ಬಂತು. ಮಧ್ಯಾಹ್ನದೊಳಗೆ ಎಂಬತ್ತು ಪದರವನ್ನೂ ಕತ್ತರಿಸಿ ಮುಗಿಸಿದೆವು. ಡಬ್ಬಿಗಳನ್ನು ಒಂದೇ ಮೇಜಿನಲ್ಲಿ ಬಿಚ್ಚಿದೆವು.